ಅಪ್ಪ ಅಮ್ಮನಿಗೆ ಕಾರು ನೋಡುವಾಗ ಮೊದಲು ಬಾಗಿಲು ತೆಗೆದು ನೋಡಿ

ಅಪ್ಪ ಅಮ್ಮನಿಗೆ ಅಂತ ಹೇಳಿ ನಮಗೆ ಇಷ್ಟವಾದ ಕಾರು ತಗೊಳ್ಳುವ ತಪ್ಪನ್ನು ನಾನೂ ಮಾಡಿದ್ದೇನೆ. ಎತ್ತರದ ಎಸ್‌ಯುವಿ, ದೊಡ್ಡ ಚಕ್ರ, ನೋಡೋಕೆ ಒಳ್ಳೇ ಗತ್ತು. ಮನೆಗೆ ತಂದ ದಿನ ಅಮ್ಮ ಒಂದು ಕೈಯಲ್ಲಿ ಬಾಗಿಲು, ಇನ್ನೊಂದು ಕೈಯಲ್ಲಿ ಸೀಟಿನ ಅಂಚು ಹಿಡಿದು, ಒಂದು ಕಾಲು ಮೇಲಿಟ್ಟು ಅಲ್ಲೇ ನಿಂತುಬಿಟ್ಟರು. ಮೇಲಕ್ಕೂ ಆಗದು, ಕೆಳಕ್ಕೂ ಆಗದು. ಕೊನೆಗೆ ಹೇಗೋ ಹತ್ತಿ ಕೂತು "ಕಾರು ಚೆನ್ನಾಗಿದೆ ಕಣೋ" ಅಂದರು. ಅದಾದ ಮೇಲೆ ಹೊರಗೆ ಹೋಗೋಣ ಅಂತ ಕರೆದಾಗಲೆಲ್ಲ ಅವರಿಗೆ ಏನಾದರೊಂದು ಕೆಲಸ ಇರುತ್ತಿತ್ತು. ಯಾಕೆ ಅಂತ ನನ್ನ ತಲೆಗೆ ಹೋಗೋಕೆ ಮೂರು ತಿಂಗಳು ಬೇಕಾಯಿತು.

ಎರಡನೇ ಸಲ ಹುಡುಕೋಕೆ ಹೊರಟಾಗ ಅಳತೆ ಟೇಪು ಜೇಬಲ್ಲಿತ್ತು, ಅಪ್ಪ ಅಮ್ಮ ಜೊತೆಯಲ್ಲಿದ್ದರು. ಎಂಜಿನ್ ಎಷ್ಟು ಸಿಸಿ, ಸ್ಕ್ರೀನ್ ಎಷ್ಟು ಇಂಚು ಅನ್ನೋದೆಲ್ಲ ಆಮೇಲೆ. ಹತ್ತಿ ಇಳಿಯೋಕೆ ಕಷ್ಟವಾದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ಆ ಕಾರು ಅವರದಲ್ಲ.

ಮನೆಯಲ್ಲಿ ಅವರು ಯಾರ ಕೈಯೂ ಹಿಡಿಯದೆ ಕೂತು ಏಳುವ ಕುರ್ಚಿ ಒಂದು ಇದ್ದೇ ಇರುತ್ತದೆ. ಅದರ ಎತ್ತರ ಅಳೆಯಿರಿ, 45 ಸೆಂಟಿಮೀಟರ್ ಆಸುಪಾಸು ಬರಬಹುದು. ಕಾರಿನ ಸೀಟು ನೆಲದಿಂದ ಅಷ್ಟೇ ಇದ್ದರೆ, ಇಲ್ಲವೇ ಅದಕ್ಕಿಂತ ಹತ್ತು ಹದಿನೈದು ಸೆಂಟಿಮೀಟರ್ ಮೇಲಿದ್ದರೆ ಒಳ್ಳೆಯದು. ಕುಶನ್ ಒತ್ತಿ ಹಿಡಿದು ಅಳೆಯಬೇಕು, ಸುಮ್ನೆ ಮೇಲಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ತೀರಾ ತಗ್ಗಿನ ಸೆಡಾನ್‌ನಲ್ಲಿ ಕೂರುವುದು ಸುಲಭ, ಧೊಪ್ ಅಂತ ಕೂತರಾಯಿತು, ಮಂಡಿಯ ಕಥೆ ಗೊತ್ತಾಗುವುದು ಏಳುವಾಗ. ಎತ್ತರದ ಎಸ್‌ಯುವಿಯಲ್ಲಿ ಇದು ಉಲ್ಟಾ. ಎರಡರ ನಡುವಿನ ಎತ್ತರ ಇರುವ ಕಾರುಗಳು, ಅಂದರೆ ಛಾವಣಿ ಎತ್ತರವಿರುವ ಹ್ಯಾಚ್‌ಬ್ಯಾಕ್, ಚಿಕ್ಕ ಕ್ರಾಸ್‌ಓವರ್ (ಎಸ್‌ಯುವಿ ಥರ ಕಾಣುವ, ಅಷ್ಟು ಎತ್ತರವಿಲ್ಲದ ಕಾರು), ಕೆಲವು ಎಂಪಿವಿ (ಮನೆಮಂದಿಯೆಲ್ಲ ಕೂರುವ ದೊಡ್ಡ ಕಾರು), ಇವೇ ಹೆಚ್ಚಿನವರಿಗೆ ಹೊಂದುತ್ತವೆ.

ಟೇಪು ಇಲ್ಲದಿದ್ದರೂ ನಡೆಯುತ್ತದೆ. ಮಂಡಿ ನೋವಿರುವವರು ಕಾರಿಗೆ ಕಾಲು ಮುಂದಿಟ್ಟು ಹತ್ತುವುದಿಲ್ಲ. ಬೆನ್ನು ಸೀಟಿನ ಕಡೆ ಮಾಡಿ ನಿಲ್ಲುತ್ತಾರೆ, ಹಿಂದಕ್ಕೆ ಕೂರುತ್ತಾರೆ, ಆಮೇಲೆ ತಿರುಗಿ ಒಂದೊಂದೇ ಕಾಲು ಒಳಗೆ ತಗೊಳ್ಳುತ್ತಾರೆ. ಹಾಗೆ ಅಡ್ಡ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು, ಮಂಡಿ ಸೊಂಟಕ್ಕಿಂತ ಚೂರು ಕೆಳಗಿರಬೇಕು. ತಲೆ ಒಳಗೆ ತರುವಾಗ ಛಾವಣಿ ಅಂಚಿಗೆ ತಾಗಬಾರದು. ಕಾಲು ಒಳಗೆ ಎಳೆದುಕೊಳ್ಳುವಾಗ ಕಾರಿನ ಹೊಸ್ತಿಲು ಅಡ್ಡ ಬರುತ್ತದಾ ನೋಡಿ. ಹೌದು, ಕಾರಿಗೂ ಹೊಸ್ತಿಲಿದೆ, ಬಾಗಿಲ ಕೆಳಗಿನ ಆ ಪಟ್ಟಿ. ಅದು ಅಗಲವಾಗಿ ಎದ್ದುಕೊಂಡಿದ್ದರೆ ಪ್ರತಿ ಸಲ ಕಾಲನ್ನು ಕೈಯಲ್ಲಿ ಎತ್ತಿಟ್ಟುಕೊಳ್ಳಬೇಕಾಗುತ್ತದೆ.

ಹಿಂದಿನ ಬಾಗಿಲನ್ನು ಬೇರೆಯಾಗಿ ಪರೀಕ್ಷೆ ಮಾಡಿ. ಬಾಗಿಲು ಅಗಲವಾಗಿ ತೆರೆಯಬೇಕು. ಹಿಂದಿನ ಚಕ್ರದ ಗುಮ್ಮಟ ಬಾಗಿಲಿನ ಜಾಗವನ್ನು ತಿಂದುಹಾಕಿದ್ದರೆ ಇಳಿಯುವಾಗ ಬಟ್ಟೆಗೆ ಧೂಳು ಮೆತ್ತುತ್ತದೆ, ಕಾಲೂ ತಡವರಿಸುತ್ತದೆ. ಛಾವಣಿ ಹಿಂದಕ್ಕೆ ಜಾರುವ ಸ್ಟೈಲಿನ ಕಾರುಗಳು ಚಂದ, ಆದರೆ ಹಿಂದೆ ಹತ್ತುವವರ ತಲೆಗೆ ಕುತ್ತು. ಕೆಲವು ಕಾರುಗಳಲ್ಲಿ ಸನ್‌ರೂಫ್ ಕೂಡ ತಲೆಯ ಮೇಲಿನ ಜಾಗವನ್ನು ಒಂದೆರಡು ಇಂಚು ನುಂಗುತ್ತದೆ. ಬಾಗಿಲ ಮೇಲೆ ಗಟ್ಟಿಯಾದ ಹಿಡಿಕೆ ಇದೆಯಾ ನೋಡಿ, ಖರ್ಚು ಉಳಿಸೋಕೆ ಅದನ್ನೇ ಬಿಟ್ಟಿರುವ ಕಾರುಗಳೂ ಇವೆ.

ಇನ್ನು ಕುಲುಕಾಟ. ಇಲ್ಲಿ ಜನ ಸಸ್ಪೆನ್ಷನ್, ಅಂದರೆ ಚಕ್ರಕ್ಕೂ ಕಾರಿಗೂ ನಡುವಿನ ಸ್ಪ್ರಿಂಗ್ ವ್ಯವಸ್ಥೆ, ಅದರ ಬಗ್ಗೆ ಮಾತ್ರ ಮಾತಾಡುತ್ತಾರೆ, ಟೈರ್ ಕಡೆ ಯಾರೂ ನೋಡುವುದಿಲ್ಲ. ಟೈರ್ ಪಕ್ಕದಲ್ಲಿ 205/55 ಆರ್16 ಥರದ ಅಂಕಿ ಬರೆದಿರುತ್ತದೆ. 205 ಅಂದರೆ ಟೈರಿನ ಅಗಲ ಮಿಲಿಮೀಟರ್‌ಗಳಲ್ಲಿ, 55 ಅಂದರೆ ಅದರ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡ 55, ಅಂದರೆ ಸುಮಾರು 113 ಮಿಲಿಮೀಟರ್. 16 ಅಂದರೆ ರಿಮ್‌ನ ಅಡ್ಡಳತೆ, ಇಂಚುಗಳಲ್ಲಿ. ಇದೇ ಹೊರಗಾತ್ರಕ್ಕೆ 225/40 ಆರ್18 ಹಾಕಿದರೆ ಗೋಡೆ 90 ಮಿಲಿಮೀಟರಿಗೆ ಇಳಿಯುತ್ತದೆ. ಗುಂಡಿಗೆ ಬಿದ್ದಾಗ ಮೊದಲ ಏಟು ತಿನ್ನುವುದು ಈ ರಬ್ಬರ್ ಗೋಡೆ ಮತ್ತು ಅದರೊಳಗಿನ ಗಾಳಿ. ಅದು ತೆಳ್ಳಗಾದಷ್ಟೂ ಉಳಿದ ಏಟು ಸೊಂಟಕ್ಕೆ. ಟಾಪ್ ಮಾಡೆಲ್‌ಗೆ ದೊಡ್ಡ ಅಲಾಯ್ ಚಕ್ರ ಹಾಕಿ ಜಾಸ್ತಿ ದುಡ್ಡು ತಗೊಳ್ಳುತ್ತಾರಲ್ಲ, ಅದೇ ಕಾರಿನ ಕೆಳಗಿನ ಮಾಡೆಲ್ ಚಿಕ್ಕ ಚಕ್ರದಲ್ಲಿ ಇನ್ನೂ ಹಾಯಾಗಿ ಹೋಗುತ್ತದೆ. ದುಡ್ಡೂ ಉಳಿಯುತ್ತದೆ, ಬೆನ್ನೂ ಉಳಿಯುತ್ತದೆ.

ಹಾಗಂತ ಮೆತ್ತಗಿದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಉಬ್ಬು ದಾಟಿದ ಮೇಲೆ ಕಾರು ಒಂದು ಸಲ ಎದ್ದು ಕೂತು ಸುಮ್ಮನಾಗಬೇಕು. ದೋಣಿಯ ಹಾಗೆ ಮೂರು ನಾಲ್ಕು ಸಲ ತೂಗಿದರೆ ಹಿಂದೆ ಕೂತವರಿಗೆ ಹೊಟ್ಟೆ ತೊಳೆಸುತ್ತದೆ. ದೇಹವನ್ನು ಸುಸ್ತು ಮಾಡುವ ಅದುರುವಿಕೆ ಬೇರೆ, ವಾಂತಿ ತರಿಸುವ ತೂಗಾಟ ಬೇರೆ. ಕೂತಿರುವ ಮನುಷ್ಯನ ದೇಹ ಮೇಲೆ ಕೆಳಗೆ ಸೆಕೆಂಡಿಗೆ 4ರಿಂದ 8 ಸಲ ಅದುರಿದರೆ ಅತಿ ಹೆಚ್ಚು ತೊಂದರೆಪಡುತ್ತದೆ, ಹೊಟ್ಟೆ ತೊಳೆಸುವುದು ಸೆಕೆಂಡಿಗೆ ಅರ್ಧ ಸಲಕ್ಕಿಂತಲೂ ನಿಧಾನವಾದ ತೂಗಾಟಕ್ಕೆ. ಒಳ್ಳೆಯ ಕಾರು ಇವೆರಡರ ನಡುವೆ ಹಾದುಹೋಗುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರದ ನಡುವಿನ ದೂರ, ಅಂದರೆ ವೀಲ್‌ಬೇಸ್, ಉದ್ದವಿದ್ದರೆ ಮುಂದೆ ಹಿಂದೆ ಓಲಾಡುವುದು ಕಡಿಮೆ. ಮೂರನೇ ಸಾಲಿನ ಸೀಟು ಹಿಂದಿನ ಚಕ್ರದ ಮೇಲೇ ಬರುತ್ತದೆ, ಅಲ್ಲಿ ಹಿರಿಯರನ್ನು ಕೂರಿಸಲೇಬೇಡಿ, ಅದು ಮಕ್ಕಳಿಗೂ ಬ್ಯಾಗಿಗೂ ಇರುವ ಜಾಗ.

ಸದ್ದಿನ ವಿಷಯ ನನಗೆ ತಡವಾಗಿ ಅರ್ಥವಾಯಿತು. ಹಳೇ ಕಾರಿನಲ್ಲಿ ಅಪ್ಪ ಹಿಂದೆ ಕೂತು ಎಲ್ಲದಕ್ಕೂ ಹ್ಞೂಂ ಹ್ಞೂಂ ಅನ್ನುತ್ತಿದ್ದರು. ನಾವು ಮುಂದೆ ಕೂತು ನಗುತ್ತಿದ್ದರೆ ಅವರೂ ನಗುತ್ತಿದ್ದರು, ಒಂದು ಕ್ಷಣ ತಡವಾಗಿ. ಒಂದು ದಿನ "ಊಟಕ್ಕೆ ಎಲ್ಲಿ ನಿಲ್ಲಿಸಲಿ?" ಅಂತ ಕೇಳಿದೆ, ಅವರು "ಹೌದೌದು" ಅಂದರು. ಆಗ ಗೊತ್ತಾಯಿತು, ಅವರಿಗೆ ಏನೂ ಕೇಳಿಸುತ್ತಿರಲಿಲ್ಲ, ನಮಗೆ ಬೇಜಾರಾಗದಿರಲಿ ಅಂತ ತಲೆ ಆಡಿಸುತ್ತಿದ್ದರು. ವಯಸ್ಸಾದಾಗ ಮೊದಲು ಕೈಕೊಡುವುದು ತೆಳ್ಳಗಿನ, ಮೇಲಿನ ಸ್ಥಾಯಿಯ ಸದ್ದು. ಸ, ಶ ಥರದ ಅಕ್ಷರಗಳು ಅಲ್ಲೇ ಇರುತ್ತವೆ. ಅದರ ಮೇಲೆ ಟೈರಿನ ಗುಂಯ್ ಸೇರಿಕೊಂಡರೆ ಮಾತು ಬರೀ ಗೊಣಗಾಟವಾಗಿ ಕೇಳಿಸುತ್ತದೆ. ಹಾಗಾಗಿ ಸದ್ದಿಲ್ಲದ ಕಾರು ಹಿರಿಯರಿಗೆ ಶೋಕಿ ಅಲ್ಲ, ಮಾತಿನಲ್ಲಿ ಸೇರಿಕೊಳ್ಳೋಕೆ ದಾರಿ.

ಸದ್ದು ಮೂರು ಕಡೆಯಿಂದ ಬರುತ್ತದೆ, ಎಂಜಿನ್, ಟೈರ್, ಗಾಳಿ. ಊರೊಳಗೆ ಎಂಜಿನ್ ಸದ್ದೇ ಜಾಸ್ತಿ, ಹೆದ್ದಾರಿಯಲ್ಲಿ ಉಳಿದೆರಡು. ಅದಕ್ಕೇ ಎಲೆಕ್ಟ್ರಿಕ್ ಕಾರು ಸಿಗ್ನಲ್ಲಿನಲ್ಲಿ ಮೌನಿ, 100 ಕಿಲೋಮೀಟರ್ ವೇಗದಲ್ಲಿ ಬೇರೆ ಕಾರುಗಳ ಹಾಗೇ. ಮೂರು ಸಿಲಿಂಡರಿನ ಎಂಜಿನ್ ಆದರೆ ನಿಂತಾಗ ಸೀಟಿಗೆ ಸಣ್ಣ ನಡುಕ ಬರುತ್ತದಾ ಕೈಯಿಟ್ಟು ನೋಡಿ, ಕೆಲವದರಲ್ಲಿ ಬರುತ್ತದೆ, ಕೆಲವದರಲ್ಲಿ ಚೆನ್ನಾಗಿ ಅಡಗಿಸಿದ್ದಾರೆ. ಪಕ್ಕದ ಗಾಜಿನ ಮೂಲೆಯಲ್ಲಿ ಸಣ್ಣದಾಗಿ ಏನೋ ಅಚ್ಚಾಗಿರುತ್ತದೆ, ಅಲ್ಲಿ ಲ್ಯಾಮಿನೇಟೆಡ್ ಅಂತಿದ್ದರೆ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇದೆ ಅಂತ ಅರ್ಥ, ಗಾಳಿಯ ಸದ್ದು ಕಡಿಮೆ. ಟೆಂಪರ್ಡ್ ಅಂತಿದ್ದರೆ ಒಂಟಿ ಗಾಜು.

ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಳ್ಳಿ. ಅದು ತೋರಿಸುವ ಅಂಕಿ ಪಕ್ಕಾ ಅಲ್ಲ, ಆದರೆ ಅದೇ ಫೋನು, ಅದೇ ರಸ್ತೆ, ಅದೇ ವೇಗ ಇಟ್ಟುಕೊಂಡರೆ ಎರಡು ಕಾರು ಹೋಲಿಸೋಕೆ ಸಾಕು. 10 ಡೆಸಿಬೆಲ್ ಜಾಸ್ತಿ ಅಂದರೆ ಕಿವಿಗೆ ಸುಮಾರು ಎರಡರಷ್ಟು ಸದ್ದು. ಅಳೆಯುವಾಗ ಫೋನ್ ಹಿಂದಿನ ಸೀಟಿನಲ್ಲಿರಲಿ, ಮುಂದಲ್ಲ. ಆ್ಯಪ್ ಬೇಡ ಅಂದರೆ ನೀವು ಮುಂದೆ ಕೂತು ರಸ್ತೆ ನೋಡುತ್ತಾ ಮೆತ್ತಗೆ ಒಂದು ಪ್ರಶ್ನೆ ಕೇಳಿ. ಹಿಂದಿನಿಂದ ಸರಿಯಾದ ಉತ್ತರ ಬಂದರೆ ಆಯಿತು.

ಗೇರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಎಂಟಿ ಅಂದರೆ ಮ್ಯಾನ್ಯುಯಲ್ ಗೇರನ್ನೇ ಮೋಟರ್ ಬದಲಾಯಿಸುವುದು, ಬದಲಾಯಿಸುವಾಗ ಒಂದು ಗಳಿಗೆ ಎಳೆತ ನಿಲ್ಲುತ್ತದೆ, ಕೂತವರ ತಲೆ ಮುಂದಕ್ಕೆ ವಾಲುತ್ತದೆ. ಕತ್ತು ನೋವಿನವರಿಗೆ ಅದು ಬೇಡ. ಸಿವಿಟಿ, ಟಾರ್ಕ್ ಕನ್ವರ್ಟರ್ ಅನ್ನುವ ಬೇರೆ ಥರದ ಆಟೋಮ್ಯಾಟಿಕ್ ಗೇರುಗಳು, ಎಲೆಕ್ಟ್ರಿಕ್ ಕಾರು, ಇವು ನಯ. ಎಲೆಕ್ಟ್ರಿಕ್ ತಗೊಂಡರೆ ಕಾಲು ತೆಗೆದ ಕೂಡಲೇ ತಾನಾಗಿ ಬ್ರೇಕ್ ಹಿಡಿಯುವ ಸೆಟ್ಟಿಂಗನ್ನು ಕಡಿಮೆ ಮಾಡಿಡಿ, ಹಿಂದೆ ಕೂತವರಿಗೆ ತಲೆಸುತ್ತು ಬರುವುದು ಬಹಳ ಸಲ ಅದರಿಂದಲೇ. ಇನ್ನೊಂದು, ಬ್ಯಾಟರಿ ಕೆಳಗಿರುವುದರಿಂದ ಕೆಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಕಾಲಿಡುವ ಜಾಗವೇ ಎತ್ತರ. ಕೂತಾಗ ಮಂಡಿ ಮೇಲೇಳುತ್ತದೆ, ತೊಡೆ ಸೀಟಿಗೆ ತಾಗುವುದಿಲ್ಲ. ಹತ್ತು ನಿಮಿಷಕ್ಕೆ ಗೊತ್ತಾಗದು, ಎರಡು ಗಂಟೆಗೆ ಸೊಂಟ ಹಿಡಿಯುತ್ತದೆ.

ಸೀಟು ಸೋಫಾದ ಹಾಗೆ ಮೆತ್ತಗಿದ್ದರೆ ಅಂಗಡಿಯಲ್ಲಿ ಆಹಾ ಅನಿಸುತ್ತದೆ. ಹೂತುಹೋಗುವ ಸೀಟಿನಿಂದ ಏಳುವುದು ಕಷ್ಟ, ದೂರ ಹೋದರೆ ಬೆನ್ನಿಗೂ ಆಧಾರವಿಲ್ಲ. ಸ್ವಲ್ಪ ಗಟ್ಟಿಯೇ ಇರಲಿ. ತೊಡೆಗೆ ಪೂರ್ತಿ ಆಧಾರ ಸಿಗಬೇಕು, ಮಂಡಿ ಹಿಂದೆ ಎರಡು ಮೂರು ಬೆರಳಿನಷ್ಟು ಜಾಗ ಉಳಿಯಬೇಕು. ಎರಡೂ ಪಕ್ಕ ಉಬ್ಬಿಕೊಂಡಿರುವ ಸ್ಪೋರ್ಟ್ಸ್ ಸೀಟು ಬೇಡ, ಅಡ್ಡ ಕೂತು ತಿರುಗುವಾಗ ಅದು ತೊಡೆಗೆ ಒತ್ತುತ್ತದೆ. ತಲೆಯಾಸರೆ ನೆತ್ತಿಯ ಮಟ್ಟಕ್ಕೆ ಬರಬೇಕು, ಹಿಂದಿನ ಸೀಟಿನಲ್ಲಿ ಕತ್ತಿನವರೆಗೆ ಮಾತ್ರ ಇರುವಂಥದ್ದು ಇದ್ದೂ ಇಲ್ಲದಂತೆ. ಹಿಂದಿನ ಕಿಟಕಿ ದೊಡ್ಡದಿರಲಿ, ಹೊರಗೆ ಕಾಣದಿದ್ದರೆ ವಾಂತಿ ಬರುವವರಿಗೆ ಇನ್ನೂ ಜಾಸ್ತಿ. ವಾಕರ್ ಅಥವಾ ಗಾಲಿಕುರ್ಚಿ ಬಳಸುವವರಿದ್ದರೆ ಅದನ್ನೇ ತಗೊಂಡು ಹೋಗಿ ಡಿಕ್ಕಿಯಲ್ಲಿ ಇಟ್ಟು ನೋಡಿ, ಮಡಚಿದಾಗ ಹಿಡಿಸುತ್ತದೆ ಅಂತ ಊಹೆ ಮಾಡಬೇಡಿ.

ಅಪ್ಪನೋ ಅಮ್ಮನೋ ತಾವೇ ಓಡಿಸುವುದಾದರೆ ಇನ್ನೊಂದಷ್ಟು ನೋಡಬೇಕು. ಎಸಿ, ವೈಪರ್, ವಾಲ್ಯೂಮ್‌ಗೆ ಕೈಗೆ ಸಿಗುವ ಗುಂಡಿಗಳಿರಲಿ, ಸ್ಕ್ರೀನಿನೊಳಗೆ ಹುಡುಕುವ ಕಾರು ಬೇಡ. ಕತ್ತು ತಿರುಗಿಸೋಕೆ ಆಗದವರಿಗೆ ಹಿಂದಿನ ಕ್ಯಾಮೆರಾ, ದೊಡ್ಡ ಪಕ್ಕದ ಕನ್ನಡಿ, ಪಕ್ಕದಲ್ಲಿ ಗಾಡಿ ಬಂದರೆ ಹೇಳುವ ದೀಪ, ಇವು ನಿಜಕ್ಕೂ ಉಪಯೋಗ. ಸ್ಟೀರಿಂಗ್ ಮಧ್ಯಕ್ಕೂ ಎದೆಗೂ 25 ಸೆಂಟಿಮೀಟರ್ ಅಂತರ ಇರಬೇಕು, ಏರ್‌ಬ್ಯಾಗ್ ಬಿಚ್ಚಿಕೊಳ್ಳೋಕೆ ಅಷ್ಟು ಜಾಗ ಬೇಕು. ಕುಳ್ಳಗಿರುವವರು ಪೆಡಲ್ ಸಿಗಲಿ ಅಂತ ಮುಂದೆ ಸರಿದು ಕೂರುತ್ತಾರೆ, ಹಾಗಾಗಿ ಸ್ಟೀರಿಂಗ್ ಮೇಲೆ ಕೆಳಗೆ ಮಾತ್ರವಲ್ಲ, ಹಿಂದೆ ಮುಂದೆಯೂ ಸರಿಯುವ ಕಾರೇ ಬೇಕು.

ಟೆಸ್ಟ್ ಡ್ರೈವ್‌ಗೆ ಅವರು ತೋರಿಸುವ ನುಣುಪು ರಸ್ತೆಯಲ್ಲಿ ಹೋಗಬೇಡಿ. ನಿಮಗೆ ಗೊತ್ತಿರುವ ಕೆಟ್ಟ ರಸ್ತೆಗೆ ಹೋಗಿ, ಅರ್ಧ ಗಂಟೆಯಾದರೂ ಓಡಲಿ, ಹಾಡು ಬಂದ್. ಓಡಿಸುವುದನ್ನು ಬೇರೆಯವರಿಗೆ ಬಿಟ್ಟು ನೀವು ಹಿಂದೆ ಅಮ್ಮನ ಪಕ್ಕ ಕೂರಿ. ಹೊರಡುವ ಮೊದಲು ಟೈರಿನ ಗಾಳಿ ನೋಡಿ, ಜಾಸ್ತಿ ತುಂಬಿದ್ದರೆ ಒಳ್ಳೆಯ ಕಾರೂ ಗಟ್ಟಿ ಅನಿಸುತ್ತದೆ. ಸೇಲ್ಸ್‌ನವರು ಓಡಿಬಂದು ಕೈ ಹಿಡಿದು ಇಳಿಸುತ್ತಾರೆ, ಒಳ್ಳೆಯ ಮನಸ್ಸೇ ಇರಬಹುದು, ಆದರೆ ಬೇಡ ಅನ್ನಿ. ಮೂರು ಸಲ ತಾವಾಗಿ ಹತ್ತಿ ಇಳಿಯಲಿ. ಮೊದಲ ಸಲ ಎಲ್ಲರೂ ಉತ್ಸಾಹದಲ್ಲಿ ಮಾಡಿಬಿಡುತ್ತಾರೆ, ಮೂರನೇ ಸಲ ನಿಜ ಗೊತ್ತಾಗುತ್ತದೆ. ಅಲ್ಲೇ "ಹೇಗಿದೆ?" ಅಂತ ಕೇಳಿದರೆ ಚೆನ್ನಾಗಿದೆ ಅಂತಲೇ ಹೇಳುತ್ತಾರೆ, ನಿಮಗೆ ಖರ್ಚಾಗುತ್ತದೆ ಅಂತ ಅವರಿಗೆ ಗೊತ್ತಲ್ಲ. ಮುಖ ನೋಡಿ, ಕೈ ಎಲ್ಲಿ ಹಿಡಿಯುತ್ತದೆ ನೋಡಿ. ಮಾರನೇ ಬೆಳಿಗ್ಗೆ ಕಾರಿನ ಮಾತೇ ಎತ್ತದೆ ಬೆನ್ನು ಹೇಗಿದೆ ಅಂತ ಕೇಳಿ.

ಕಾರು ಮನೆಗೆ ಬಂದ ಮೇಲೆ ದಪ್ಪ ಸೀಟ್ ಕವರ್ ಹಾಕಿಸುವ ಮೊದಲು ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅಂತ ಬರೆದಿದೆಯಾ ನೋಡಿ, ಇದ್ದರೆ ಅದನ್ನು ಮುಚ್ಚುವ ಕವರ್ ಬೇಡ. ಎತ್ತರ ಸಾಲದು ಅಂತ ದಿಂಬು ಹಾಕಿ ಕೂರಿಸಿದರೆ ಬೆಲ್ಟು ಸೊಂಟದ ಮೂಳೆಯಿಂದ ಹೊಟ್ಟೆಗೆ ಜಾರುತ್ತದೆ, ಅದೂ ಬೇಡ, ಸೀಟನ್ನೇ ಎತ್ತರಿಸುವ ಲಿವರ್ ಇದ್ದರೆ ಅದನ್ನು ಬಳಸಿ. ಟೈರಿಗೆ ಎಷ್ಟು ಗಾಳಿ ಅನ್ನುವ ಸ್ಟಿಕರ್ ಡ್ರೈವರ್ ಬಾಗಿಲ ಪಕ್ಕದ ಕಂಬದಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಇರುತ್ತದೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಅದರಂತೆ ತುಂಬಿಸಿ, ಬಂಕ್ ಹುಡುಗ ಅಂದಾಜಲ್ಲಿ ಹೇಳುವ ಅಂಕಿಗೆ ಹ್ಞೂಂ ಅನ್ನಬೇಡಿ.