ಯಾವ ಅಗತ್ಯ ಹಸಿದಿದೆ? ಎರಡು ವಾರದ ಲೆಕ್ಕ

‘ಹುಟ್ಟುಗುಣ ಸುಟ್ಟರೂ ಹೋಗದು’ ಅನ್ನುತ್ತೇವೆ. ಪೂರ್ತಿ ನಿಜವಲ್ಲ, ವಯಸ್ಸಿನೊಂದಿಗೆ ಸ್ವಭಾವವೂ ಮಾಗುತ್ತದೆ. ಆದರೆ ಅದಕ್ಕೆ ವರ್ಷಗಟ್ಟಲೆ ಬೇಕು. ನೆಮ್ಮದಿಗೆ ಬೇಗ ಕೈಗೆಟುಕುವ ದಾರಿ ಮನಸ್ಸಿನ ಅಗತ್ಯಗಳು. ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಮೂರನ್ನು ಗುರುತಿಸಿದ್ದಾರೆ: ಸ್ವಾಯತ್ತತೆ (ಮನಸ್ಸೊಪ್ಪಿ ಮಾಡುವುದು), ಸಾಮರ್ಥ್ಯ (ಕೆಲಸ ನನ್ನಿಂದ ಆಗುತ್ತದೆ ಅನ್ನಿಸುವುದು), ಬಾಂಧವ್ಯ (ನನ್ನವರು ಇದ್ದಾರೆ ಅನ್ನಿಸುವುದು). ಮಾತುಗಾರನಿಗೂ ಮೌನಿಗೂ ಮೂರೂ ಬೇಕು, ಬಡಿಸುವ ಬಗೆ ಮಾತ್ರ ಬೇರೆ.

ಮೊದಲು ಸ್ವಭಾವದ ಅಂದಾಜು ಮಾಡಿಕೊಳ್ಳಿ. ಅದಕ್ಕೆ 2003ರಲ್ಲಿ ಬಂದ ‘ಟಿಪಿ’ (TIPI, Ten-Item Personality Inventory) ಎಂಬ 10 ಸಾಲಿನ ಪ್ರಶ್ನಾವಳಿ ಸಾಕು. ಬಹಿರ್ಮುಖತೆ, ಸ್ನೇಹಪರತೆ, ಶಿಸ್ತು, ಭಾವಸ್ಥಿರತೆ, ಹೊಸತಿಗೆ ತೆರೆದ ಮನಸ್ಸು ಎಂಬ ಐದು ಗುಣಗಳಿಗೆ ತಲಾ ಎರಡು ಸಾಲು, ಉತ್ತರ 1ರಿಂದ (ಒಪ್ಪುವುದೇ ಇಲ್ಲ) 7 (ಪೂರ್ತಿ ಒಪ್ಪುತ್ತೇನೆ). ಸರಿಸಂಖ್ಯೆಯ ಸಾಲುಗಳೆಲ್ಲ ಉಲ್ಟಾ ಅರ್ಥದವು, ಅವುಗಳ ಅಂಕವನ್ನು 8ರಿಂದ ಕಳೆಯಬೇಕು. ಬಹಿರ್ಮುಖತೆಯ 1ನೇ ಸಾಲಿಗೆ 3, ‘ಮೌನಿ’ ಎನ್ನುವ 6ನೇ ಸಾಲಿಗೆ 6 ಕೊಟ್ಟರೆ 6 ಹೋಗಿ 2 ಆಗುತ್ತದೆ, ಸರಾಸರಿ 2.5. ಕಳೆಯುವುದನ್ನು ಮರೆತರೆ ಇದೇ ಮನುಷ್ಯ 4.5 ಬಂದು ಅರ್ಧ ಮಾತುಗಾರನಾಗಿಬಿಡುತ್ತಾನೆ! ನೆಮ್ಮದಿಯ ಮಟ್ಟಿಗೆ ಬಹಿರ್ಮುಖತೆ ಮತ್ತು ಭಾವಸ್ಥಿರತೆ, ಅಂದರೆ ಬೇಗ ಆತಂಕಪಡದ ಗುಣ (4 ಮತ್ತು 9ನೇ ಸಾಲು), ಇವೆರಡನ್ನು ಮುಖ್ಯವಾಗಿ ನೋಡಿ.

ಇನ್ನು ಡೈರಿ. 14 ದಿನ, ಮಲಗುವ ಮುನ್ನ ಐದು ನಿಮಿಷ, ನಾಲ್ಕು ಅಂಕ, ಎಲ್ಲವೂ 1ರಿಂದ 7, ಮೊದಲ ಮೂರು ಅದೇ ಕ್ರಮದಲ್ಲಿ ಮೂರು ಅಗತ್ಯಗಳಿಗೆ, ಕೊನೆಯದು ದಿನಕ್ಕೆ: ಇವತ್ತು ಮನಸ್ಸೊಪ್ಪಿ ಮಾಡಿದ್ದೆಷ್ಟು? ಕೈಗೆತ್ತಿಕೊಂಡ ಕೆಲಸ ಸಾಗಿತೇ? ಯಾರಾದರೂ ನನ್ನವರು ಅನ್ನಿಸಿದರೇ? ಒಟ್ಟು ದಿನ ಹೇಗಿತ್ತು? ಪಕ್ಕದಲ್ಲಿ ಕಾರಣ ಒಂದು ಸಾಲು. ವಾರದ್ದನ್ನೆಲ್ಲ ಭಾನುವಾರ ಕೂತು ತುಂಬಿದರೆ ಬರುವುದು ಭಾನುವಾರದ ಮೂಡ್ ಅಷ್ಟೇ.

ಲೆಕ್ಕ ಹೀಗೆ: ಅತಿ ಚೆನ್ನಾಗಿದ್ದ ನಾಲ್ಕು ದಿನ, ಅತಿ ಕೆಟ್ಟ ನಾಲ್ಕು ದಿನ ಆರಿಸಿ, ಪ್ರತಿ ಅಗತ್ಯದ ಸರಾಸರಿ ಹೋಲಿಸಿ. ಸ್ವಾಯತ್ತತೆ 5ರಿಂದ 2.5ಕ್ಕೆ ಕುಸಿದು, ಬಾಂಧವ್ಯ 4.5ರಿಂದ 4ಕ್ಕೆ ಇಳಿದಿದ್ದರೆ ಹಸಿದಿರುವುದು ಸ್ವಾಯತ್ತತೆ. ಇನ್ನೊಬ್ಬರ ಅಂಕದ ಜೊತೆ ತೂಗಬೇಡಿ. ಭಾವಸ್ಥಿರತೆ ಕಡಿಮೆ ಇರುವವರಿಗೆ ಎಲ್ಲ ಅಂಕಗಳೂ ತುಸು ಕೆಳಗೇ ಬೀಳುತ್ತವೆ. ಕೆಟ್ಟ ಮೂಡೇ ಅಂಕ ಇಳಿಸಿರಲೂಬಹುದು, ಆದ್ದರಿಂದ ಮುಂದಿನ 14 ದಿನ ಒಂದೇ ಒಂದು ಬದಲಾವಣೆ ಮಾಡಿ ಪರೀಕ್ಷಿಸಬೇಕು. ಒಟ್ಟಿಗೆ ಮೂರು ಬದಲಿಸಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯದು.

ಬದಲಾವಣೆ ಸ್ವಭಾವಕ್ಕೆ ಒಗ್ಗಬೇಕು. ಅಂತರ್ಮುಖಿಗೆ ಬಾಂಧವ್ಯ ಕಡಿಮೆಯಾದರೆ ‘ನಾಲ್ಕು ಜನರ ಜೊತೆ ಬೆರಿ’ ಎನ್ನುವುದು ಎಲ್ಲರೂ ಕೊಡುವ, ಕೆಲಸಕ್ಕೆ ಬಾರದ ಸಲಹೆ. ಒಬ್ಬರೇ ಆಪ್ತರು, ವಾರಕ್ಕೆರಡು ಸಲ, 40 ನಿಮಿಷದ ನಡಿಗೆ, ಇಷ್ಟರಿಂದ ಶುರುಮಾಡಿ. ಮನೆಯಿಂದಲೇ ಕೆಲಸ ಮಾಡುವ ಬಹಿರ್ಮುಖಿಗೆ ಇದು ಸಾಲದೇ ಹೋಗಬಹುದು, ಅವರಿಗೆ ಗುಂಪು ಬೇಕು. ಆತಂಕದ ಸ್ವಭಾವದವರ ಸಾಮರ್ಥ್ಯ ಕುಸಿದಿದ್ದರೆ ಕೆಲಸವನ್ನು 20 ನಿಮಿಷದ ತುಂಡು ಮಾಡಿ, ಮುಗಿದದ್ದು ಕಣ್ಣಿಗೆ ಕಾಣುವಂತಿರಲಿ.

ಹೆಚ್ಚಿನವರು ಎಡವುವುದು ಸ್ವಾಯತ್ತತೆಯಲ್ಲಿ. ಅದೆಂದರೆ ಒಂಟಿಯಾಗಿರುವುದು, ಯಾರ ಮಾತೂ ಕೇಳದಿರುವುದು ಎಂದುಕೊಳ್ಳುತ್ತಾರೆ. ಅಮ್ಮ ಹೇಳಿದ ಕೆಲಸವನ್ನೂ ಒಪ್ಪಿ ಮಾಡಿದರೆ ಅದು ಸ್ವಾಯತ್ತತೆಯೇ. ಶಿಸ್ತಿನ ಸ್ವಭಾವದವರ ಪಟ್ಟಿ ಬರೀ ‘ಮಾಡಲೇಬೇಕು’ಗಳಿಂದ ತುಂಬಿರುತ್ತದೆ. ಕೆಲಸ ಬಿಡಲಾಗದಿದ್ದರೂ ಅದರ ಹೊತ್ತು, ಕ್ರಮ, ವಿಧಾನ ಇವುಗಳಲ್ಲಿ ಒಂದನ್ನಾದರೂ ನೀವೇ ಆರಿಸಿಕೊಳ್ಳಿ.

ಅಗತ್ಯ ಈಡೇರದಿರುವುದು ಬೇರೆ, ಅದಕ್ಕೆ ಪೆಟ್ಟು ಬೀಳುವುದು ಬೇರೆ. ಜೊತೆಗಾರರಿಲ್ಲದ್ದು ಕೊರತೆ, ಜೊತೆಗಿರುವವರೇ ದಿನಾ ಹಂಗಿಸುವುದು ಪೆಟ್ಟು. ಕೆಟ್ಟ ದಿನಗಳ ಕಾರಣದ ಸಾಲಿನಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಹೊಸ ಹವ್ಯಾಸ ಸೇರಿಸಿ ಪ್ರಯೋಜನವಿಲ್ಲ. ಮೊದಲು ಆ ವ್ಯಕ್ತಿಯ ಜೊತೆಗಿನ ಸಮಯ ತಗ್ಗಿಸಿ.

ಡೈರಿ ಶುರುಮಾಡುವ ದಿನವೇ ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ನೆಮ್ಮದಿ ಸೂಚ್ಯಂಕವನ್ನೂ (WHO-5) ತುಂಬಿ. ಕಳೆದ ಎರಡು ವಾರದ ಬಗ್ಗೆ ಪ್ರತಿ ಪ್ರಶ್ನೆಗೆ 0ರಿಂದ 5, ಗರಿಷ್ಠ ಮೊತ್ತ 25. ಮೊತ್ತ 13ಕ್ಕಿಂತ ಕಡಿಮೆಯಿದ್ದರೆ ಡೈರಿ ಪಕ್ಕಕ್ಕಿಟ್ಟು ಮೊದಲು ವೈದ್ಯರನ್ನು ಕಾಣಿ, ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.