ಟ್ರಂಕಿನ ಪದಕದಿಂದ ಆರ್ಮರ್ಡ್ ಕಾರ್ ಅಧಿಕಾರಿಯ ಯುದ್ಧಸೇವೆ ಬರೆಯುವ ಕ್ರಮ

ಎರಡನೇ ಮಹಾಯುದ್ಧದ ಪದಕಗಳು ದಾವಣಗೆರೆ, ಚಿತ್ರದುರ್ಗ ಸೀಮೆಯ ಹಳೆಯ ಮನೆಗಳ ಟ್ರಂಕಿನಲ್ಲಿ ಸಿಕ್ಕರೆ ಹುಣಸೆಹಣ್ಣು, ಪೀತಾಂಬರಿ, ಬ್ರಾಸೊ ಯಾವುದನ್ನೂ ಮುಟ್ಟಿಸಬೇಡಿ. ತಿಕ್ಕಿದಷ್ಟೂ ಅಕ್ಷರ ಸವೆಯುತ್ತದೆ. ಅಕ್ಷರ ಹೋದರೆ ಅದು ಯಾರ ಪದಕ ಎಂಬುದೇ ಹೋಯಿತು. ಒಣ ಹತ್ತಿಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ರಿಬ್ಬನ್ ತೊಳೆದರೆ ಬಣ್ಣ ಬಿಡುತ್ತದೆ, ಆಮೇಲೆ ಗುರುತಿಸುವುದು ಕಷ್ಟ.

ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ಓದಿ. ದುಂಡು ಪದಕವಾದರೆ ಅಂಚು ನೋಡಿ, ಆರು ಮೂಲೆಯ ಸ್ಟಾರ್ ಆದರೆ ಹಿಂಬದಿ ನೋಡಿ. ಬ್ರಿಟಿಷ್ ಸೈನಿಕರಿಗೆ ಕೊಟ್ಟ ಸ್ಟಾರ್‌ಗಳಲ್ಲಿ ಹೆಸರಿರುವುದಿಲ್ಲ, ಭಾರತೀಯ ಸೇನೆಯವುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅಕ್ಷರ ಮಸುಕಾಗಿದ್ದರೆ ತೆಳು ಬಟರ್ ಪೇಪರ್ ಹೊದಿಸಿ 2ಬಿ ಪೆನ್ಸಿಲಿನಿಂದ ಹಗುರವಾಗಿ ಉಜ್ಜಿ. ಸಂಖ್ಯೆ, ಹುದ್ದೆ, ಹೆಸರು, ದಳ ಎಲ್ಲವನ್ನೂ ಕಂಡಂತೆಯೇ ಬರೆದುಕೊಳ್ಳಿ, ತಿದ್ದಬೇಡಿ. ಹುದ್ದೆಯ ಜಾಗದಲ್ಲಿ ದಫೇದಾರ್ ಎಂದಿದ್ದರೆ ಡಿಸಿ ಕಚೇರಿಯ ದಫೇದಾರರೆಂದು ತಿಳಿಯಬೇಡಿ. ಕುದುರೆ ಬಿಟ್ಟು ಆರ್ಮರ್ಡ್ ಕಾರ್, ಟ್ಯಾಂಕ್ ಹಿಡಿದ ಅಶ್ವದಳಗಳಲ್ಲಿ ಅದು ಹವಾಲ್ದಾರನಿಗೆ ಸಮನಾದ ಹುದ್ದೆ. ಜಮಾದಾರ, ರಿಸಾಲದಾರ ಅದಕ್ಕೂ ಮೇಲಿನವು.

ಯಾವ ರಂಗದಲ್ಲಿ ಇದ್ದರು ಎಂಬುದನ್ನು ಸ್ಟಾರ್‌ಗಳೇ ಹೇಳುತ್ತವೆ. ಆಫ್ರಿಕಾ ಸ್ಟಾರ್ 1940ರ ಜೂನ್ 10ರಿಂದ 1943ರ ಮೇ 12ರವರೆಗಿನ ಸೇವೆಗೆ; ಇಟಲಿ ಸ್ಟಾರ್ 1943ರ ಜೂನ್ 11ರಿಂದ 1945ರ ಮೇ 8ರವರೆಗೆ; ಬರ್ಮಾ ಸ್ಟಾರ್ 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರವರೆಗೆ. ಬರ್ಮಾ ಸ್ಟಾರ್ ಮತ್ತು ಪೆಸಿಫಿಕ್ ಸ್ಟಾರ್ ಎರಡನ್ನೂ ಒಬ್ಬರಿಗೇ ಕೊಡುತ್ತಿರಲಿಲ್ಲ. ಎರಡಕ್ಕೂ ಅರ್ಹರಾದವರಿಗೆ ಒಂದು ಸ್ಟಾರ್, ಅದರ ರಿಬ್ಬನ್ ಮೇಲೆ ಇನ್ನೊಂದರ ಹೆಸರಿನ ಪಟ್ಟಿ. ಹಾಗಾಗಿ ಒಂದೇ ಡಬ್ಬಿಯಲ್ಲಿ ಎರಡೂ ಇದ್ದರೆ ಇಬ್ಬರ ಪದಕ ಬೆರೆತಿವೆ, ಇಲ್ಲವೇ ಯಾರೋ ಕೊಂಡು ಸೇರಿಸಿದ್ದಾರೆ.

ಶೌರ್ಯ ಪದಕದಲ್ಲೇ ಹೆಚ್ಚು ತಪ್ಪಾಗುವುದು. ಮಿಲಿಟರಿ ಕ್ರಾಸ್ ಮೇಲೆ ಸರ್ಕಾರ ಹೆಸರು ಕೆತ್ತಿಸುತ್ತಿರಲಿಲ್ಲ. ಹಿಂಬದಿಯ ಕೆಳತೋಳಿನಲ್ಲಿ ವರ್ಷ ಮಾತ್ರ ಇರುತ್ತದೆ. ಅದು ಪದಕ ಕೊಟ್ಟ ವರ್ಷ, ಕಾಳಗ ನಡೆದ ವರ್ಷವೇ ಆಗಬೇಕಿಲ್ಲ. ಜಮಾದಾರ, ರಿಸಾಲದಾರರಿಗೂ ಈ ಪದಕ ಸಿಗುತ್ತಿದ್ದುದರಿಂದ ಮಿಲಿಟರಿ ಕ್ರಾಸ್ ಇದೆಯೆಂದು ಅವರನ್ನು ಕ್ಯಾಪ್ಟನ್ ಮಾಡಿಬಿಡಬೇಡಿ. ಹೆಸರು ಖಚಿತವಾಗಲು ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರವಾದ ಲಂಡನ್ ಗೆಜೆಟ್ ನೋಡಲೇಬೇಕು, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅಲ್ಲಿ ರಂಗದ ಹೆಸರಷ್ಟೇ ಇದ್ದು ಸಾಹಸದ ವಿವರ ಸಾಮಾನ್ಯವಾಗಿ ಇರುವುದಿಲ್ಲ. ವಿವರ ಇರುವುದು ಮೇಲಧಿಕಾರಿ ಬರೆದ ಶಿಫಾರಸಿನಲ್ಲಿ. ಅದು ಬ್ರಿಟನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲಾಗಾರದ ಡಬ್ಲ್ಯುಒ (ವಾರ್ ಆಫೀಸ್) 373 ಸರಣಿಯಲ್ಲಿದೆ, ಡಿಜಿಟಲ್ ಪ್ರತಿ ತರಿಸಿಕೊಳ್ಳಬಹುದು. ಇಡೀ ಹುಡುಕಾಟದಲ್ಲಿ ಇದಕ್ಕಿಂತ ಬೆಲೆಯುಳ್ಳ ಕಾಗದ ಇನ್ನೊಂದಿಲ್ಲ.

ಹುಡುಕುವಾಗ ಕಾಗುಣಿತ ಕಾಡುತ್ತದೆ. ಗುಮಾಸ್ತರ ಕೈಯಲ್ಲಿ ವೀರಭದ್ರಪ್ಪ ‘ವಿರಬದ್ರ’ ಆಗಿರಬಹುದು, ಊರಿನ ಹೆಸರೇ ಕುಲನಾಮ ಆಗಿರಬಹುದು. ಚಿತ್ರದುರ್ಗವನ್ನು ಇಂಗ್ಲಿಷ್ ಕಡತಗಳಲ್ಲಿ ‘ಚಿತಲ್‌ದ್ರುಗ್’ ಎಂದು ಹುಡುಕಬೇಕು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಯುದ್ಧಕಾಲದಲ್ಲಿ ಅದು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಹರಪನಹಳ್ಳಿ ಕಡೆಯವರಾದರೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಎಂದು ನಮೂದಾಗಿರುತ್ತದೆ.

ದಳದ ಹೆಸರು ಸಿಕ್ಕ ಮಾತ್ರಕ್ಕೆ ‘ಟ್ಯಾಂಕ್ ಓಡಿಸುತ್ತಿದ್ದರು’ ಎಂದು ಬರೆಯಬೇಡಿ. ಆರ್ಮರ್ಡ್ ಕಾರ್ ಅಂದರೆ ಕವಚ ಹೊದಿಸಿದ ಯುದ್ಧವಾಹನ; ಅದಕ್ಕೆ ಚೈನ್ ಇಲ್ಲ, ಚಕ್ರ. ಅದರ ಮುಖ್ಯ ಕೆಲಸ ಮುಂದೆ ಹೋಗಿ ಶತ್ರುವಿನ ನೆಲೆ ನೋಡಿ ವೈರ್‌ಲೆಸ್‌ನಲ್ಲಿ ತಿಳಿಸುವುದು. ಡೈಮ್ಲರ್ ಕಾರಿನಲ್ಲಿ ಮೂವರು, 2 ಪೌಂಡರ್ ತೋಪು, ಜೊತೆಗೆ ಬೇಸಾ ಮೆಷಿನ್‌ಗನ್. ಸಿಕ್ಕಿಬಿದ್ದರೆ ಹಿಂದಕ್ಕೆ ವೇಗವಾಗಿ ಓಡಿಸಲು ಹಿಂಬದಿಯಲ್ಲೂ ಒಂದು ಸ್ಟಿಯರಿಂಗ್ ಇತ್ತು. ಒಂದೇ ದಳದ ವಾಹನವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. 7ನೇ ಲೈಟ್ ಕ್ಯಾವಲ್ರಿ 1944ರಲ್ಲಿ ಇಂಫಾಲದ ಬಳಿ ಸ್ಟುವರ್ಟ್ ಟ್ಯಾಂಕ್‌ಗಳಲ್ಲಿ ಕಾದಿತು. 1947ರ ನವೆಂಬರಿನಲ್ಲಿ ಶ್ರೀನಗರದ ಬಳಿಯ ಶಾಲಟೆಂಗ್‌ನಲ್ಲಿ ಅದೇ ದಳದ ಆರ್ಮರ್ಡ್ ಕಾರ್‌ಗಳಿದ್ದವು, 1948ರ ನವೆಂಬರ್ 1ರಂದು ಜೋಜಿ ಲಾ ಕಣಿವೆಮಾರ್ಗ ಏರಿದ್ದು ಮತ್ತೆ ಸ್ಟುವರ್ಟ್‌ಗಳೇ. ಮುಂದೆ ಸೇನಾ ಮುಖ್ಯಸ್ಥರಾದ ಜೆ.ಎನ್. ಚೌಧುರಿ ನೇತೃತ್ವದ 16ನೇ ಲೈಟ್ ಕ್ಯಾವಲ್ರಿ 1945ರಲ್ಲಿ ಬರ್ಮಾದಲ್ಲಿ ಆರ್ಮರ್ಡ್ ಕಾರ್ ದಳವಾಗಿತ್ತು.

ದಿನದ ಲೆಕ್ಕಕ್ಕೆ ದಳದ ವಾರ್ ಡೈರಿ ಬೇಕು, ಅದೂ ಕ್ಯೂ ದಾಖಲಾಗಾರದಲ್ಲೇ ಇದೆ. ಬರ್ಮಾ ರಂಗದವು ಡಬ್ಲ್ಯುಒ 172, ಇಟಲಿಯವು 170, ಮಧ್ಯಪ್ರಾಚ್ಯದವು 169. ಶಿಫಾರಸಿನಲ್ಲಿರುವ ತಾರೀಖಿನ ಹಿಂದೆ ಮುಂದೆ ಒಂದೊಂದು ತಿಂಗಳು ಓದಿ. ದಳದೊಳಗಿನ ಯಾವ ತುಕಡಿ, ಅಂದರೆ ಸ್ಕ್ವಾಡ್ರನ್, ಎಂದು ಮೊದಲೇ ಗೊತ್ತಿರಲಿ, ಏಕೆಂದರೆ ಎ ಸ್ಕ್ವಾಡ್ರನ್ ಒಂದು ಕಡೆ ಕಾದುತ್ತಿದ್ದಾಗ ಸಿ ಸ್ಕ್ವಾಡ್ರನ್ ಎಷ್ಟೋ ಮೈಲಿ ದೂರದಲ್ಲಿರಬಹುದು. ಡೈರಿಯಲ್ಲಿ ಜಾಗ ಸೂಚಿಸುವ ಆರಂಕಿಯ ನಕಾಶೆ ಸಂಖ್ಯೆ ಆಯಾ ನಕಾಶೆ ಹಾಳೆಗೆ ಮಾತ್ರ ಹೊಂದುತ್ತದೆ, ಇಂದಿನ ಮೊಬೈಲ್ ನಕಾಶೆಗೆ ಹಾಕಿದರೆ ಊರೇ ತಪ್ಪುತ್ತದೆ.

ಭಾರತದಲ್ಲಿ ಕವಚಿತ ದಳದ ಜವಾನರ ಸೇವಾದಾಖಲೆ ಕೇಳಬೇಕಾದ್ದು ಈಗ ಅಹಿಲ್ಯಾನಗರ ಎನ್ನುವ ಅಹಮದ್‌ನಗರದ ರೆಕಾರ್ಡ್ಸ್ ಕಚೇರಿಯಲ್ಲಿ, ಅಧಿಕಾರಿಗಳದ್ದು ದೆಹಲಿಯ ಸೇನಾ ಪ್ರಧಾನ ಕಚೇರಿಯಲ್ಲಿ. ಅರ್ಜಿಯೊಂದಿಗೆ ಪದಕದ ಫೋಟೊ, ನಾಡಕಚೇರಿಯಿಂದ ಪಡೆದ ವಂಶವೃಕ್ಷ ಪ್ರಮಾಣಪತ್ರ ಇಡಿ. ಸಂಬಂಧ ತೋರಿಸದ ಅರ್ಜಿ ಸುಮ್ಮನೆ ಕೂರುತ್ತದೆ. 6ನೇ ಲ್ಯಾನ್ಸರ್ಸ್, 13ನೇ ಲ್ಯಾನ್ಸರ್ಸ್, 11ನೇ ಪಾವೊ ಕ್ಯಾವಲ್ರಿ 1947ರಲ್ಲಿ ಪಾಕಿಸ್ತಾನಕ್ಕೆ ಹೋದವು. ಅಜ್ಜ ಆ ದಳದವರಾಗಿದ್ದರೆ ಮೊದಲು ಕ್ಯೂ ಡೈರಿಗಳನ್ನೇ ಹಿಡಿಯಿರಿ.

ಬರೆಯುವಾಗ ಮೂರು ಕಾಲಂ ಸಾಕು: ತಾರೀಖು, ಜಾಗ, ಆಧಾರ. ಮನೆಯವರು ಹೇಳಿದ್ದನ್ನೂ ಸೇರಿಸಿ, ಆದರೆ ಆಧಾರದ ಕಾಲಂನಲ್ಲಿ ‘ಮನೆಮಾತು’ ಎಂದೇ ನಮೂದಿಸಿ. ಮುಂದೆ ಡೈರಿಯ ಪುಟ ಸಿಕ್ಕಾಗ ಆ ಸಾಲನ್ನು ಅಳಿಸದೆ ಪಕ್ಕದಲ್ಲೇ ಹೊಸ ಆಧಾರ ಬರೆಯಿರಿ.