ಕಾಳ್ಗಿಚ್ಚಿಗೆ ಹೆಲಿಕಾಪ್ಟರ್‌ನಿಂದ ನೀರು ಸುರಿಯುವುದು ಹೇಗೆ?

ಹೆಲಿಕಾಪ್ಟರ್‌ನಡಿ ಹಗ್ಗದಲ್ಲಿ ತೂಗುವ, ಮಡಚಬಲ್ಲ ಬಕೆಟ್ ಎಷ್ಟು ದೊಡ್ಡದು ಎಂದು ಎಲ್ಲರೂ ಕೇಳುತ್ತಾರೆ. ಕೇಳಬೇಕಾದ್ದು ನೀರು ಎಷ್ಟು ದೂರ ಎಂದು. 1,000 ಲೀಟರ್ ಬಕೆಟ್ ತುಂಬಿ, ಸುರಿದು, ಮರಳಲು 5 ನಿಮಿಷ ಸಾಕಾದರೆ ಗಂಟೆಗೆ 12,000 ಲೀಟರ್ ಬೀಳುತ್ತದೆ. ಅದೇ ಸುತ್ತು 20 ನಿಮಿಷ ಹಿಡಿದರೆ ಬರೀ 3,000 ಲೀಟರ್.

ನೀರಿನ ಜಾಗ: ಬಕೆಟ್ ಮುಳುಗುವಷ್ಟು ಆಳವಿರಬೇಕು. ತಳದಲ್ಲಿ ಕೊರಡು, ಬಲೆ ಇದ್ದರೆ ಬಕೆಟ್ ಸಿಕ್ಕಿಕೊಂಡು ಹೆಲಿಕಾಪ್ಟರನ್ನೇ ಜಗ್ಗುತ್ತದೆ. ಗಾಳಿಗೆ ಎದುರಾಗಿ ಇಳಿದು ಏರುವ ದಾರಿಯಲ್ಲಿ ವಿದ್ಯುತ್ ತಂತಿ ಇರಕೂಡದು. ಹತ್ತಿರ ಕೆರೆಯಿಲ್ಲದಿದ್ದರೆ ಮಡಚುವ ತೊಟ್ಟಿ ನಿಲ್ಲಿಸಿ ಟ್ಯಾಂಕರ್‌ನಿಂದ ತುಂಬಿಸುತ್ತಾರೆ.

ತೂಕ: ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಬಿಸಿಲೇರಿದಷ್ಟೂ, ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗಿ ಎತ್ತುವ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಇಂಧನ ಪೂರ್ತಿ ಇರುವ ಮೊದಲ ಸುತ್ತುಗಳಲ್ಲಿ ಬಕೆಟ್‌ನ ಪಟ್ಟಿ ಬಿಗಿದು ಕಡಿಮೆ ನೀರು ಹಿಡಿಸುತ್ತಾರೆ. ಇಂಧನ ಕರಗಿದಂತೆ ಸಡಿಲಿಸುತ್ತಾರೆ.

ಜೋಡಣೆ: ಬಕೆಟನ್ನು ನೆಲದ ಮೇಲೆ ಹರಡಿ, ಹಗ್ಗಗಳ ತೊಡಕು ಬಿಡಿಸಿ, ಹೆಲಿಕಾಪ್ಟರ್ ಹೊಟ್ಟೆಯಡಿಯ ಕೊಕ್ಕೆಗೆ ಸಿಕ್ಕಿಸಬೇಕು. ಪೈಲಟ್ ಗುಂಡಿ ಒತ್ತಿದರೆ ನೀರು ಬಿಡುವ ವಾಲ್ವ್ ತೆರೆಯುತ್ತದೆಯೇ, ತುರ್ತಿನಲ್ಲಿ ಕೊಕ್ಕೆ ಬಿಡುತ್ತದೆಯೇ ಎಂದು ಹಾರುವ ಮೊದಲೇ ನೋಡಬೇಕು. ಇಲ್ಲಿ ಹೆಚ್ಚು ಅಪಾಯ ಖಾಲಿ ಬಕೆಟ್‌ನದು. ವೇಗ ಹೆಚ್ಚಿದರೆ ಅದು ಹಿಂದಕ್ಕೆ ತೇಲುತ್ತದೆ. ಹಗ್ಗ ಮತ್ತು ಬಕೆಟ್ ಸೇರಿದ ಉದ್ದ ಬಾಲದ ರೋಟರ್ ಮುಟ್ಟುವಂತಿದ್ದರೆ ಅಪಘಾತಕ್ಕೆ ಕಾದಂತೆಯೇ.

ತುಂಬಿಸುವುದು: ನಿಧಾನ ಇಳಿಸಿದರೆ ಒಂದು ಬದಿಯ ಭಾರಕ್ಕೆ ಬಕೆಟ್ ವಾಲಿ ಮುಳುಗುತ್ತದೆ. ನೇರವಾಗಿ ಎತ್ತಬೇಕು. ಎಂಜಿನ್‌ಗೆ ಭಾರವಾದರೆ ಹಟ ಹಿಡಿಯದೆ ಅಲ್ಲೇ ನೀರು ಬಿಡಬೇಕು. ಸ್ಕೈಕ್ರೇನ್‌ನಂಥ ದೊಡ್ಡ ಹೆಲಿಕಾಪ್ಟರ್‌ಗಳು ಕೊಳವೆ ಇಳಿಬಿಟ್ಟು ಸುಮಾರು 10,000 ಲೀಟರನ್ನು ಒಂದು ನಿಮಿಷದೊಳಗೆ ಹೀರಿಕೊಳ್ಳುತ್ತವೆ.

ಸುರಿಯುವುದು: ನೀರು ಬೀಳಬೇಕಾದ್ದು ಜ್ವಾಲೆಯ ತುದಿಗಲ್ಲ, ಬುಡಕ್ಕೆ, ಉರಿಯುವುದಕ್ಕೂ ಉರಿಯದ್ದಕ್ಕೂ ನಡುವಿನ ಅಂಚಿಗೆ. ಈಗಾಗಲೇ ಸುಟ್ಟು ತಣ್ಣಗಾದ ಕಡೆಯಿಂದ ಶುರುಮಾಡಿ ಪಕ್ಕದ ಅಂಚುಗಳ ಗುಂಟ ಸಾಗುತ್ತಾರೆ. ಆರ್ಭಟಿಸುವ ಮುಂಭಾಗಕ್ಕೇ ಸುರಿದರೆ ನೀರು ಆವಿಯಾಗುವುದೇ ಹೆಚ್ಚು. ತೀರಾ ಮೇಲಿಂದ ಬಿಟ್ಟರೆ ತುಂತುರಾಗಿ ಹಾರಿಹೋಗುತ್ತದೆ. ತೀರಾ ಕೆಳಗಿಳಿದರೆ ರೋಟರ್ ಗಾಳಿಯೇ ತಿದಿಯೂದಿದಂತೆ ಕಿಡಿ ಎಬ್ಬಿಸುತ್ತದೆ. ನಿಧಾನ ಹಾರಿದರೆ ಒಂದೇ ಜಾಗ ತೊಯ್ಯುತ್ತದೆ, ವೇಗವಾಗಿ ಹಾರಿದರೆ ಉದ್ದನೆಯ ತೆಳು ಪಟ್ಟಿ. ದಟ್ಟ ಮರಗಳಿದ್ದರೆ ಮೊದಲ ಬಕೆಟ್ ಎಲೆಗಳಿಗೇ ಸರಿಹೋಗುತ್ತದೆ. ಅದೇ ಜಾಗಕ್ಕೆ ಮತ್ತೆ ಸುರಿಯಬೇಕು. ಶೇ 0.1ರಿಂದ 1ರಷ್ಟು ಫೋಮ್ (ನೊರೆ ಬರಿಸುವ ದ್ರಾವಣ) ಬೆರೆಸಿದರೆ ನೀರು ಕಟ್ಟಿಗೆಯೊಳಕ್ಕೆ ಚೆನ್ನಾಗಿ ಇಳಿಯುತ್ತದೆ. ಆದರೆ ಹಳ್ಳ, ಕೆರೆಗಳ ಹತ್ತಿರ ಫೋಮ್ ಬೇಡ.

ಒಂದು ಟನ್ ನೀರು ಕೊಂಬೆ ಮುರಿಯುತ್ತದೆ, ಕಲ್ಲು ಉರುಳಿಸುತ್ತದೆ. ಕೆಳಗಿನವರು ಸರಿದಿದ್ದಾರೆಂದು ರೇಡಿಯೊದಲ್ಲಿ ಖಚಿತವಾಗುವವರೆಗೆ ಗುಂಡಿ ಒತ್ತುವಂತಿಲ್ಲ. ಆ ಪ್ರದೇಶದಲ್ಲಿ ಡ್ರೋನ್ ಕಂಡರಂತೂ ಹಾರಾಟವನ್ನೇ ನಿಲ್ಲಿಸಬೇಕಾಗುತ್ತದೆ.

ನೀರು ಬಿದ್ದ ಕೂಡಲೇ ನೆಲದ ತಂಡ ನುಗ್ಗಿ ಕೆಂಡ ಕೆದಕಿ, ಮಣ್ಣು ಮಗುಚಬೇಕು. ತಡವಾದರೆ ತೇವ ಆರಿ ಅದೇ ಅಂಚು ಮತ್ತೆ ಹೊತ್ತಿಕೊಳ್ಳುತ್ತದೆ, ಪೈಲಟ್ ಅಲ್ಲಿಗೇ ಮರಳಬೇಕಾಗುತ್ತದೆ.